ತಲೆ ಬಡಿದುಕೊಳ್ಳುವ ಕೂಸಿಗೆ ಮಾರುವ ಮೆತ್ತೆಗಳು: ಯಾವುದು ಕೊಳ್ಳಬೇಕು, ಯಾವುದು ಬೇಡ

ನಿದ್ದೆ ಹತ್ತುವ ಹೊತ್ತಿಗೆ ಮಗು ಎದ್ದು ಮಂಡಿಯೂರಿ, ಮಂಚದ ಕಂಬಿಗೆ ಹಣೆಯನ್ನು ಟಕ್ ಟಕ್ ಎಂದು ಬಡಿಯತೊಡಗಿದರೆ ಯಾವ ಮನೆಯವರಿಗೂ ಎದೆ ಝಲ್ಲೆನ್ನುತ್ತದೆ. ಮಾರನೆಯ ದಿನವೇ ಮಡಿಕೇರಿಯ ಪೇಟೆಗೋ ಕುಶಾಲನಗರಕ್ಕೋ ಓಡುತ್ತಾರೆ, ಇಲ್ಲವೇ ಫೋನಿನಲ್ಲೇ ಆರ್ಡರ್ ಮಾಡುತ್ತಾರೆ. ಹಾಗೆ ಮನೆಗೆ ಬರುವ ನಾಲ್ಕು ಸಾಮಾನುಗಳ ವಿಮರ್ಶೆ ಇದು.

ಮೊದಲನೆಯದು ಮಂಚದ ಕಂಬಿಗೆ ಸುತ್ತಿ ಕಟ್ಟುವ ಬಂಪರ್ ಮೆತ್ತೆ. ಇದನ್ನು ಕೊಳ್ಳಲೇಬೇಡಿ. ಮೆತ್ತೆಗೆ ಮೂಗು ಒತ್ತಿಕೊಂಡರೆ ಎಳೆಗೂಸಿಗೆ ಉಸಿರುಕಟ್ಟುತ್ತದೆ, ಕಟ್ಟುವ ದಾರ ಕುತ್ತಿಗೆಗೆ ಸುತ್ತಿಕೊಳ್ಳಬಹುದು. ನಿಲ್ಲಲು ಕಲಿತ ಮಗು ಅದನ್ನೇ ಮೆಟ್ಟಿಲು ಮಾಡಿಕೊಂಡು ಆಚೆ ಬೀಳುತ್ತದೆ. ಅಮೆರಿಕದಲ್ಲಿ 2022ರ ಕಾನೂನು ಇದರ ಮಾರಾಟವನ್ನೇ ನಿಷೇಧಿಸಿತು. ನಮ್ಮ ಕಡೆ ಇನ್ನೊಂದು ತೊಂದರೆಯೂ ಇದೆ: ಜೂನ್‌ನಲ್ಲಿ ಮಳೆ ಹಿಡಿದರೆ ಒಳಗಿನ ಫೋಮ್ ಒಣಗುವುದೇ ಇಲ್ಲ. ಹೊಲಿಗೆಯ ಸಂದಿಯಲ್ಲಿ ಕಪ್ಪು ಚುಕ್ಕೆಯಂತೆ ಬೂಷ್ಟು ಏಳುತ್ತದೆ, ಮಗು ಅದರ ಪಕ್ಕದಲ್ಲೇ ಇರುಳಿಡೀ ಉಸಿರಾಡುತ್ತದೆ.

ಹೆಲ್ಮೆಟ್ಟೂ ಬೇಡ. ಗಲ್ಲದ ಪಟ್ಟಿ ಇರುವುದನ್ನು ಹಾಕಿ ಮಲಗಿಸುವಂತಿಲ್ಲ. ಈ ಮಕ್ಕಳು ಬಡಿದುಕೊಳ್ಳುವುದೇ ಮಲಗುವಾಗ. ವೈದ್ಯರು ಬರೆದುಕೊಟ್ಟರೆ ಮಾತ್ರ ಅದು ಬೇಕು. ಬೆನ್ನಿಗೆ ಕಟ್ಟುವ ಜೇನುಹುಳದ ಆಕಾರದ ಮೆತ್ತೆ ಹಿಂದಕ್ಕೆ ಬೀಳುವ ಮಗುವಿಗಾಗಿ ಮಾಡಿದ್ದು, ಹಣೆ ಬಡಿಯುವ ಮಗುವಿಗೆ ಅದರಿಂದ ಏನೂ ಇಲ್ಲ.

ಕೊಳ್ಳಬಹುದಾದದ್ದು ಒಂದೇ, ಜೋಡಿಸುವ ಇವಿಎ (ರಬ್ಬರಿನಂಥ ಮೆತ್ತನೆಯ ಪ್ಲಾಸ್ಟಿಕ್) ಫೋಮ್ ಚಾಪೆ. 60 ಸೆಂ.ಮೀ. ಚೌಕದ, 20 ಮಿ.ಮೀ. ದಪ್ಪದ್ದು ತನ್ನಿ, 10 ಮಿ.ಮೀ.ನದು ರೆಡ್ ಆಕ್ಸೈಡ್ ನೆಲದ ಪೆಟ್ಟನ್ನು ಅಷ್ಟಾಗಿ ತಡೆಯುವುದಿಲ್ಲ. ಹಠ ಬಂದಾಗ ನೆಲಕ್ಕೆ ತಲೆ ಚಚ್ಚುವ ಒಂದೂವರೆ–ಎರಡು ವರ್ಷದ ಮಕ್ಕಳಿಗೆ ಇದು ನಿಜವಾಗಿ ಉಪಯೋಗಕ್ಕೆ ಬರುತ್ತದೆ. ಅಂಚಿನ ಸಣ್ಣ ಪಟ್ಟಿಗಳನ್ನು ತೆಗೆದಿಡಿ, ಮಗು ಕಚ್ಚಿ ನುಂಗುತ್ತದೆ. ಮಳೆಗಾಲದಲ್ಲಿ ವಾರಕ್ಕೊಮ್ಮೆ ಎತ್ತಿ ಅಡಿಭಾಗ ಒರೆಸದಿದ್ದರೆ ಕೆಳಗೆ ನೀರಾಡುತ್ತದೆ.

ಇವೆಲ್ಲಕ್ಕಿಂತ ಹೆಚ್ಚಿನ ಕೆಲಸ ಮಾಡುವುದು ಮನೆಯಲ್ಲೇ ಇರುವ ಸ್ಪ್ಯಾನರ್. ದಿನಾ ಅಲುಗಾಡುವ ಮಂಚದ ಬೋಲ್ಟ್ ಸಡಿಲವಾಗಿ ಪಕ್ಕದ ಚೌಕಟ್ಟು ಕಳಚುತ್ತದೆ. ತಲೆಯ ಪೆಟ್ಟಿಗಿಂತ ದೊಡ್ಡ ಅಪಾಯ ಅದೇ. ವಾರಕ್ಕೊಮ್ಮೆ ಬಿಗಿ ಮಾಡಿ. ಕಂಬಿಗಳ ನಡುವೆ 6 ಸೆಂ.ಮೀ.ಗಿಂತ ಹೆಚ್ಚು ಸಂದಿ ಇರಕೂಡದು. ಮಂಚವನ್ನು ಗೋಡೆಯಿಂದ ಒಂದು ಗೇಣು ದೂರ ಸರಿಸಿ ಕಾಲಿಗೆ ರಬ್ಬರ್ ಬುಷ್ ಹಾಕಿದರೆ ಅರ್ಧ ಸದ್ದು ಅಡಗುತ್ತದೆ. ಸದ್ದು ತಗ್ಗಿದರೆ ಮನೆಯವರ ಗಾಬರಿಯೂ ತಗ್ಗುತ್ತದೆ.

ಗಾಬರಿ ತಗ್ಗಬೇಕು ಏಕೆಂದರೆ, ತಲೆ ಬಡಿದುಕೊಳ್ಳುವುದು ಆರೋಗ್ಯವಂತ ಮಕ್ಕಳಲ್ಲೂ ಸಾಮಾನ್ಯ. 6ರಿಂದ 9 ತಿಂಗಳ ಹೊತ್ತಿಗೆ ಶುರುವಾಗಿ, ಹೆಚ್ಚಿನವರಲ್ಲಿ 3–4 ವರ್ಷದೊಳಗೆ ತಾನಾಗಿ ನಿಲ್ಲುತ್ತದೆ. ತೂಗಿಸಿಕೊಂಡಂತೆ ಆ ಲಯವೇ ಮಗುವಿಗೆ ನಿದ್ದೆ ತರುತ್ತದೆ. ಪ್ರತಿ ಸಲ ಓಡಿಹೋಗಿ ಎತ್ತಿಕೊಂಡರೆ, ಬಡಿದರೆ ಅಮ್ಮ ಬರುತ್ತಾಳೆಂದು ಅದು ಕಲಿಯುತ್ತದೆ. ಹಗಲಲ್ಲಿ ಉಯ್ಯಾಲೆ ಆಡಿಸಿ, ಚಪ್ಪಾಳೆ ತಟ್ಟಿಸಿ, ವಾಲಗದ ತಾಳಕ್ಕೆ ಕುಣಿಸಿ. ಲಯದ ಆಸೆ ಅಲ್ಲೇ ತೀರಲಿ. ರಾತ್ರಿ ಕಣ್ಣು ಎಳೆಯತೊಡಗಿದ ಮೇಲೆಯೇ ಮಲಗಿಸಿ. ಹಠದ ಹೊತ್ತಿಗೆ ಬೈಯಬೇಡಿ, ಫೋನು ಕೊಟ್ಟು ಸುಮ್ಮನಾಗಿಸಬೇಡಿ. ತಲೆಗೂ ನೆಲಕ್ಕೂ ನಡುವೆ ಅಂಗೈ ಇಟ್ಟು, "ಸಿಟ್ಟು ಬಂತಾ ಕಂದ" ಎಂದಷ್ಟೇ ಹೇಳಿ.

ಜ್ವರ ಬಂದು ಕಿವಿ ಎಳೆದುಕೊಳ್ಳುತ್ತಿದ್ದರೆ ಕಿವಿಯ ಸೋಂಕು ಇರಬಹುದು, ತೋರಿಸಿ. ಹೆಸರು ಕರೆದರೂ ತಿರುಗದಿದ್ದರೆ, ಒಂದೂವರೆ ವರ್ಷವಾದರೂ ಬೇಕಾದುದರತ್ತ ಬೆರಳು ತೋರಿಸದಿದ್ದರೆ, ಆಡುತ್ತಿದ್ದ ಮಾತು ನಿಂತರೆ, ಗಾಯವಾಗುವಷ್ಟು ಬಡಿದುಕೊಂಡರೆ ಕಾಯಬೇಡಿ. ಅಂಗನವಾಡಿಗೆ ವರ್ಷಕ್ಕೆ ಎರಡು ಸಲ ಬರುವ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡಕ್ಕೆ ಹೇಳಿ, ಅಥವಾ ನೇರವಾಗಿ ಮಡಿಕೇರಿಯ ಸರ್ಕಾರಿ ಬೋಧಕ ಆಸ್ಪತ್ರೆಯ ಮಕ್ಕಳ ವಿಭಾಗಕ್ಕೆ ಕರೆದೊಯ್ಯಿರಿ. ಬಡಿದುಕೊಳ್ಳುವಾಗಿನ ಒಂದು ನಿಮಿಷದ ವಿಡಿಯೋ ಜೊತೆಗಿರಲಿ. ಆಗ ಹೆಸರು ಕರೆದರೆ ಮಗು ನಿಮ್ಮತ್ತ ನೋಡುತ್ತದೆಯೇ ಎಂಬುದೂ ಅದರಲ್ಲಿ ಕಾಣಬೇಕು. ಮೂರ್ಛೆರೋಗವೋ ಅಲ್ಲವೋ ಎಂದು ತಿಳಿಯಲು ವೈದ್ಯರು ಅದನ್ನೂ ನೋಡುತ್ತಾರೆ.