ನಿಕ್ಸ್‌ಓಎಸ್: ಶಿರಸಿಯ ಡಿಟಿಪಿ ಕಚೇರಿಯೊಂದರ ಬಳಕೆಯಿಂದ ಬರೆದ ವಿಮರ್ಶೆ

ಘಟ್ಟದ ಮೇಲಿನ ಊರುಗಳಲ್ಲಿ ಕಂಪ್ಯೂಟರ್ ಕೊಳ್ಳುವಾಗ ಎಲ್ಲರ ಮನಸ್ಸಿನಲ್ಲೂ ಇರುವ ಪ್ರಶ್ನೆ, ನಾಳೆ ಇದು ಕೆಟ್ಟರೆ ಯಾರನ್ನು ಕರೆಯುವುದು ಎಂಬುದೇ ಆಗಿರುತ್ತದೆ. ಹುಬ್ಬಳ್ಳಿಯಿಂದ ಜನ ಬರಬೇಕು, ಇಲ್ಲವೇ ಯಂತ್ರವನ್ನೇ ಬಸ್ಸಿಗೆ ಹಾಕಿ ಕಳಿಸಬೇಕು. ಶಿರಸಿಯಲ್ಲಿ ಅಕ್ಷರ ಜೋಡಣೆ ಮತ್ತು ಪುಟವಿನ್ಯಾಸದ ಕೆಲಸ ಮಾಡುವ ನಮ್ಮ ಸಣ್ಣ ಕಚೇರಿಯ ಯಂತ್ರಗಳಲ್ಲೂ, ಕುಮಟಾದಲ್ಲಿರುವ ಶಾಖೆಯ ಯಂತ್ರದಲ್ಲೂ ಈಗ ನಿಕ್ಸ್‌ಓಎಸ್ ಎಂಬ ಲಿನಕ್ಸ್ ವಿತರಣೆ (ಲಿನಕ್ಸ್ ಆಧಾರಿತ ಕಾರ್ಯಾಚರಣೆ ವ್ಯವಸ್ಥೆ) ನಡೆಯುತ್ತಿದೆ. ಇದರ ಬಗ್ಗೆ ಬರುವ ಬರಹಗಳಲ್ಲಿ ಹೆಚ್ಚಿನವು ಅನುಸ್ಥಾಪನೆಯ ದಿನದ ಉತ್ಸಾಹದಲ್ಲಿ ಮುಗಿದುಹೋಗುತ್ತವೆ. ಏನಾದರೂ ಕೈಕೊಟ್ಟಾಗ ಕಾರಣವನ್ನು ಹುಡುಕಲು ಈ ವ್ಯವಸ್ಥೆ ನಮಗೆ ಎಷ್ಟು ನೆರವಾಗುತ್ತದೆ, ಎಲ್ಲಿ ನಮ್ಮನ್ನು ಕತ್ತಲೆಯಲ್ಲಿ ಬಿಡುತ್ತದೆ ಎಂಬ ಒಂದೇ ವಿಷಯವನ್ನು ಹಿಡಿದು ಈ ವಿಮರ್ಶೆಯನ್ನು ಬರೆಯುತ್ತಿದ್ದೇನೆ.

ನೆದರ್‌ಲ್ಯಾಂಡ್ಸ್‌ನ ಉಟ್ರೆಕ್ಟ್ ವಿಶ್ವವಿದ್ಯಾಲಯದಲ್ಲಿ ಏಲ್ಕೊ ಡೋಲ್‌ಸ್ಟ್ರಾ ಅವರು 2006ರಲ್ಲಿ ಮಂಡಿಸಿದ ಪಿಎಚ್‌ಡಿ ಪ್ರಬಂಧದಲ್ಲಿ ವಿವರಿಸಿದ ನಿಕ್ಸ್ ಎಂಬ, ತಂತ್ರಾಂಶಗಳನ್ನು ಹಾಕುವ, ತೆಗೆಯುವ ಪ್ಯಾಕೇಜ್ ನಿರ್ವಾಹಕವೇ ಈ ವಿತರಣೆಯ ಬುನಾದಿ. ಉಳಿದ ಲಿನಕ್ಸ್‌ಗಳಲ್ಲಿ ನಾವು ಒಂದೊಂದೇ ಆಜ್ಞೆ ಕೊಟ್ಟು ಯಂತ್ರವನ್ನು ಬದಲಿಸುತ್ತಾ ಹೋಗುತ್ತೇವೆ. ಇಲ್ಲಿ ಯಾವ ತಂತ್ರಾಂಶ ಬೇಕು, ಯಾವ ಸೇವೆ ನಡೆಯಬೇಕು, ಯಾರಿಗೆಲ್ಲ ಖಾತೆ ಇರಬೇಕು, ಯಾವ ಫಾಂಟ್ ಇರಬೇಕು ಎಂಬುದನ್ನೆಲ್ಲ ‘ಕಾನ್ಫಿಗರೇಶನ್ ಡಾಟ್ ನಿಕ್ಸ್’ ಎಂಬ ಕಡತದಲ್ಲಿ ಬರೆದು ‘ನಿಕ್ಸ್‌ಓಎಸ್-ರೀಬಿಲ್ಡ್ ಸ್ವಿಚ್’ ಎಂದು ಆಜ್ಞೆ ಕೊಟ್ಟರೆ, ಬರೆದದ್ದಕ್ಕೆ ತಕ್ಕಂತೆ ಇಡೀ ವ್ಯವಸ್ಥೆ ಹೊಸದಾಗಿ ಕಟ್ಟಿಕೊಳ್ಳುತ್ತದೆ. ಅಡಿಕೆ ಮಂಡಿಯ ಕಿರ್ದಿಯಲ್ಲಿ ಹಳೆಯ ಪುಟವನ್ನು ಹರಿಯದೆ ಬಾಕಿಯನ್ನು ಹೊಸ ಪುಟಕ್ಕೆ ಎತ್ತಿ ಬರೆಯುವಂತೆ, ಹಿಂದಿನ ವ್ಯವಸ್ಥೆಯನ್ನು ಅಳಿಸದೆ ಇನ್ನೊಂದನ್ನು ಅದರ ಪಕ್ಕದಲ್ಲೇ ಇಡುತ್ತದೆ. ಹೀಗೆ ಉಳಿಯುವ ಪ್ರತಿಯೊಂದಕ್ಕೂ ಜನರೇಶನ್ ಎಂದು ಹೆಸರು. ಯಂತ್ರ ಶುರುವಾಗುವಾಗ ಬೂಟ್ ಮೆನುವಿನಲ್ಲಿ ಇವೆಲ್ಲ ಸಾಲಾಗಿ ಕಾಣುತ್ತವೆ, ಬೇಕಾದುದನ್ನು ಆರಿಸಿಕೊಳ್ಳಬಹುದು.

ನಮ್ಮ ಕಡೆಯ ಮಳೆಗಾಲಕ್ಕೆ ಈ ಏರ್ಪಾಟು ಎಷ್ಟು ಒಗ್ಗುತ್ತದೆ ಎಂಬುದು ಬಳಸಿದವರಿಗೇ ಗೊತ್ತು. ಜೂನ್ ಬಂದರೆ ಮರ ಬಿದ್ದು ಕರೆಂಟ್ ಹೋಗುವುದು ಇಲ್ಲಿ ಸುದ್ದಿಯೇ ಅಲ್ಲ; ಯುಪಿಎಸ್ ಕೊಡುವ ಸಮಯ ಎಷ್ಟೋ ಬಾರಿ ಕಡತ ಉಳಿಸಿ ಯಂತ್ರ ಮುಚ್ಚುವುದಕ್ಕಷ್ಟೇ ಸಾಕಾಗುತ್ತದೆ. ಬೇರೆ ವಿತರಣೆಗಳಲ್ಲಿ ಅಪ್‌ಡೇಟ್ ನಡುವೆ ಕರೆಂಟ್ ಹೋದರೆ ಅರ್ಧ ಹಳತು, ಅರ್ಧ ಹೊಸತು ಆಗಿ ಯಂತ್ರ ಏಳದೆ ಕೂರುವ ಭಯವಿದೆ. ನಿಕ್ಸ್‌ನಲ್ಲಿ ಹೊಸ ವ್ಯವಸ್ಥೆ ಪೂರ್ತಿ ಸಿದ್ಧವಾದ ಮೇಲೆಯೇ ಅದರತ್ತ ತೋರುವ ಕೊಂಡಿ ಬದಲಾಗುತ್ತದೆ. ಆದ್ದರಿಂದ ಕಟ್ಟುವ ಕೆಲಸ ನಡುವೆ ನಿಂತರೂ ಹಳೆಯದು ಮೊದಲಿನಂತೆಯೇ ಏಳುತ್ತದೆ, ಇಳಿಸಿಕೊಂಡು ಮುಗಿದಿದ್ದ ಪ್ಯಾಕೇಜುಗಳನ್ನು ಮತ್ತೆ ಇಳಿಸಬೇಕಾಗುವುದಿಲ್ಲ. ಇದಕ್ಕೆ ಒಂದು ಅಪವಾದವನ್ನು ಮಾತ್ರ ನೆನಪಿಡಬೇಕು. ಬರೆದ ಮಾಹಿತಿ ಡಿಸ್ಕ್‌ಗೆ ಇಳಿಯುವ ಮೊದಲೇ ಕರೆಂಟ್ ಹೋದರೆ ಎಲ್ಲ ಪ್ಯಾಕೇಜುಗಳೂ ಇರುವ ನಿಕ್ಸ್ ಸ್ಟೋರ್ ಎಂಬ ಕಡತಕೋಶದಲ್ಲಿ ಖಾಲಿ ಕಡತಗಳು ಉಳಿಯಬಹುದು. ಆಗ ಸಂಬಂಧವೇ ಇಲ್ಲದ ವಿಚಿತ್ರ ದೋಷಗಳು ಕಾಣಿಸಿಕೊಳ್ಳುತ್ತವೆ. ‘ನಿಕ್ಸ್-ಸ್ಟೋರ್’ ಆಜ್ಞೆಗೆ ‘ವೆರಿಫೈ’, ‘ಚೆಕ್-ಕಂಟೆಂಟ್ಸ್’, ‘ರಿಪೇರ್’ ಎಂಬ ಮೂರು ಸೂಚನೆಗಳನ್ನು ಕೊಟ್ಟರೆ ಅದು ಪ್ರತಿ ಕಡತವನ್ನೂ ತನ್ನ ದಾಖಲೆಯೊಡನೆ ತಾಳೆ ನೋಡಿ, ಕೆಟ್ಟದ್ದನ್ನು ಮತ್ತೆ ತರಿಸಿ ಸರಿಪಡಿಸುತ್ತದೆ. ಹಳೆಯ ಹಾರ್ಡ್ ಡಿಸ್ಕ್‌ನಲ್ಲಿ ಈ ಕೆಲಸ ಬಹಳ ಹೊತ್ತು ಹಿಡಿಯುತ್ತದೆ, ಆದರೆ ಬಿಡದೆ ಮಾಡುತ್ತದೆ.

ಹಿಂದಕ್ಕೆ ಹೋಗುವ ಈ ಸೌಲಭ್ಯವನ್ನು ಹೊಗಳುವವರು ಅದರ ಮಿತಿಯನ್ನು ಹೇಳುವುದು ಕಡಿಮೆ. ಹಳೆಯ ಜನರೇಶನ್ ಆರಿಸಿದರೆ ತಂತ್ರಾಂಶ ಮತ್ತು ಅದರ ಕಾನ್ಫಿಗರೇಶನ್ ಹಿಂದಕ್ಕೆ ಹೋಗುತ್ತವೆಯೇ ಹೊರತು ಹೋಮ್ ಕಡತಕೋಶವಾಗಲಿ, ಡೇಟಾಬೇಸ್‌ನಲ್ಲಿರುವ ಮಾಹಿತಿಯಾಗಲಿ ಹಿಂದಕ್ಕೆ ಬರುವುದಿಲ್ಲ. ಬ್ಯಾಕಪ್ ಬೇರೆಯಾಗಿಯೇ ಬೇಕು. ‘ಸ್ವಿಚ್’ ಕೊಟ್ಟ ಮೇಲೆ ಯಾವುದಾದರೂ ಸೇವೆ ಏಳದಿದ್ದರೆ ವ್ಯವಸ್ಥೆ ತಾನಾಗಿ ಹಿಂದಕ್ಕೆ ಹೋಗುತ್ತದೆ ಎಂದು ಹಲವರು ನಂಬಿದ್ದಾರೆ. ಹಾಗೆ ಆಗುವುದಿಲ್ಲ. ಇಂತಿಂಥ ಸೇವೆ ವಿಫಲವಾಯಿತು ಎಂದು ಎಚ್ಚರಿಸಿ, ಹೊಸ ಜನರೇಶನ್‌ನಲ್ಲೇ ನಿಂತಿರುತ್ತದೆ. ಹಾಗಾಗಿ ಅನುಮಾನವಿರುವ ಬದಲಾವಣೆಯನ್ನು ‘ಸ್ವಿಚ್’ ಬದಲು ‘ಟೆಸ್ಟ್’ ಎಂದು ಕೊಟ್ಟು ನೋಡುವುದು ಒಳ್ಳೆಯದು. ಅದು ಬೂಟ್ ಮೆನುವಿಗೆ ಸೇರುವುದಿಲ್ಲವಾದ್ದರಿಂದ ಒಮ್ಮೆ ರೀಸ್ಟಾರ್ಟ್ ಮಾಡಿದರೆ ಹಳೆಯ ಸ್ಥಿತಿಗೆ ಬರಬಹುದು. ಕುಮಟಾದ ಯಂತ್ರವನ್ನು ಶಿರಸಿಯಲ್ಲಿ ಕುಳಿತು ಬದಲಿಸುವಾಗ ನಾವು ಇದನ್ನು ತಪ್ಪದೆ ಪಾಲಿಸುತ್ತೇವೆ. ಅಲ್ಲಿ ನೆಟ್‌ವರ್ಕ್ ಕೈಬಿಟ್ಟರೂ ಶಾಖೆಯವರಿಗೆ ಫೋನಿನಲ್ಲಿ ರೀಸ್ಟಾರ್ಟ್ ಮಾಡಿ ಎಂದರೆ ಸಾಕು, ದೇವಿಮನೆ ಘಟ್ಟ ಇಳಿದು ಹೋಗಬೇಕಾದ ಪ್ರಸಂಗ ಬರುವುದಿಲ್ಲ.

ಇನ್ನು ದೋಷ ಸಂದೇಶಗಳ ಮಾತು. ನಿಕ್ಸ್‌ಓಎಸ್‌ನ ಅತಿ ಒಳ್ಳೆಯ ಗುಣವೂ ಅತಿ ಕೆಟ್ಟ ಗುಣವೂ ಇಲ್ಲಿಯೇ ಇವೆ. ಒಳ್ಳೆಯದಕ್ಕೆ ಒಂದು ಉದಾಹರಣೆ ಕೊಡುತ್ತೇನೆ. ಗ್ನೋಮ್ ಡೆಸ್ಕ್‌ಟಾಪ್ ಇರುವ ಲ್ಯಾಪ್‌ಟಾಪ್‌ನಲ್ಲಿ ಬ್ಯಾಟರಿ ಉಳಿತಾಯಕ್ಕೆಂದು ಟಿಎಲ್‌ಪಿ ಸೇವೆಯನ್ನು ಸೇರಿಸಿದರೆ, ಗ್ನೋಮ್ ಜೊತೆಗೆ ಬರುವ ಪವರ್ ಪ್ರೊಫೈಲ್ಸ್ ಡೀಮನ್ ಎಂಬ ಸೇವೆಗೂ ಇದಕ್ಕೂ ಹೊಂದುವುದಿಲ್ಲ ಎಂದು ಎರಡೂ ಆಪ್ಶನ್‌ಗಳ ಹೆಸರು ಹೇಳಿ ರೀಬಿಲ್ಡ್ ಅಲ್ಲಿಯೇ ನಿಲ್ಲುತ್ತದೆ. ಉಳಿದ ಲಿನಕ್ಸ್‌ಗಳಲ್ಲಿ ಎರಡೂ ಒಟ್ಟಿಗೆ ಓಡಿ, ಬ್ಯಾಟರಿ ಏಕೆ ಬೇಗ ಇಳಿಯುತ್ತಿದೆ ಎಂದು ತಿಂಗಳುಗಟ್ಟಲೆ ತಲೆ ಕೆಡಿಸಿಕೊಳ್ಳಬೇಕಾದೀತು. ಒಂದೇ ಆಪ್ಶನ್‌ಗೆ ಎರಡು ಕಡತಗಳಲ್ಲಿ ಬೇರೆ ಬೇರೆ ಮೌಲ್ಯ ಬರೆದಿದ್ದರೂ ಅಷ್ಟೇ. ಎರಡೂ ಕಡತಗಳ ಹೆಸರು ತೋರಿಸಿ, ಒಂದನ್ನು ‘ಎಂಕೆಫೋರ್ಸ್’ನಿಂದ ಗಟ್ಟಿ ಮಾಡಿ ಎಂದು ದಾರಿಯನ್ನೂ ಹೇಳುತ್ತದೆ. ಇಂಥ ಸಂದೇಶಗಳನ್ನು ಬರೆದವರಿಗೆ ಕೈಮುಗಿಯಬೇಕು.

ಆದರೆ ‘ಇನ್‌ಫಿನಿಟ್ ರಿಕರ್ಶನ್ ಎನ್‌ಕೌಂಟರ್ಡ್’ ಎಂಬ ಸಂದೇಶ ಬಂದರೆ ಅನುಭವಿಗಳಿಗೂ ತಲೆನೋವು. ಒಂದು ಮೌಲ್ಯವನ್ನು ಲೆಕ್ಕ ಹಾಕಲು ಅದೇ ಮೌಲ್ಯ ಬೇಕಾಗಿ ಸುತ್ತು ಬಿದ್ದಿದೆ ಎಂಬುದು ಅದರ ತಾತ್ಪರ್ಯ. ಸಂದೇಶ ಬೆರಳು ಮಾಡುವುದು ಎಷ್ಟೋ ಸಲ ನಾವು ಮುಟ್ಟಿಯೇ ಇಲ್ಲದ, ನಿಕ್ಸ್‌ಪ್ಯಾಕೇಜಸ್ ಎಂಬ ಪ್ಯಾಕೇಜ್ ಸಂಗ್ರಹದ ಒಳಗಿನ ಯಾವುದೋ ಸಾಲಿನ ಕಡೆಗೆ. ‘ಶೋ-ಟ್ರೇಸ್’ ಸೇರಿಸಿದರೆ ಪರದೆ ತುಂಬ ಸಾಲುಗಳು ಇಳಿಯುತ್ತವೆ. ಅವುಗಳಲ್ಲಿ ನಮ್ಮ ಸ್ವಂತ ಕಡತದ ಹೆಸರು ಎಲ್ಲಿದೆ ಎಂದು ಮೊದಲು ಹುಡುಕಬೇಕು. ಸಾಮಾನ್ಯವಾಗಿ ಕಾರಣ ಎರಡರಲ್ಲಿ ಒಂದು. ಬೇರೆ ಕಡತಗಳನ್ನು ಸೇರಿಸಿಕೊಳ್ಳುವ ‘ಇಂಪೋರ್ಟ್ಸ್’ ಪಟ್ಟಿಯಲ್ಲಿ ಯಾವ ಕಡತ ಸೇರಬೇಕೆಂಬುದನ್ನು ‘ಪಿಕೆಜಿಎಸ್’ (ಪ್ಯಾಕೇಜುಗಳು) ಅಥವಾ ‘ಕಾನ್ಫಿಗ್’ (ಒಟ್ಟು ಕಾನ್ಫಿಗರೇಶನ್) ನೋಡಿ ನಿರ್ಧರಿಸುವಂತೆ ಬರೆದಿರುತ್ತೇವೆ. ಇಲ್ಲವೇ ಇಡೀ ಕಾನ್ಫಿಗರೇಶನ್ ಭಾಗವನ್ನು ‘ಎಂಕೆಇಫ್’ ಒಳಗೆ ಇಡುವ ಬದಲು ಬರಿಯ ‘ಇಫ್’ ಒಳಗೆ ಇಟ್ಟಿರುತ್ತೇವೆ. ಈ ಎರಡನ್ನು ನೋಡಿಯೂ ಸಿಗದಿದ್ದರೆ ಇತ್ತೀಚೆಗೆ ಸೇರಿಸಿದ ಭಾಗವನ್ನು ಅರ್ಧರ್ಧ ಮಾಡಿ, ಕಮೆಂಟ್ ಗುರುತು ಹಾಕಿ ತಾತ್ಕಾಲಿಕವಾಗಿ ನಿಲ್ಲಿಸುತ್ತಾ ಬರುವುದೊಂದೇ ದಾರಿ. ವ್ಯಾಕರಣ ದೋಷಗಳದ್ದೂ ಇದೇ ಜಾತಿಯ ತೊಂದರೆ: ಒಂದು ಸಾಲಿನ ಕೊನೆಯಲ್ಲಿ ಅರ್ಧವಿರಾಮ ಬಿಟ್ಟರೆ ಸಂದೇಶ ಅದರ ಮುಂದಿನ ಸಾಲನ್ನು ತೋರಿಸುತ್ತದೆ. ಆದ್ದರಿಂದ ತೋರಿಸಿದ ಸಾಲಿನಲ್ಲಿ ತಪ್ಪು ಕಾಣದಿದ್ದರೆ ಒಂದು ಸಾಲು ಮೇಲಕ್ಕೆ ನೋಡಬೇಕು.

ನಮ್ಮಂಥ ಕಚೇರಿಗೆ ಕನ್ನಡ ಟೈಪಿಂಗ್ ನಿಂತರೆ ದಿನವೇ ನಿಂತಂತೆ. ಹಾಗಾಗಿ ಈ ಭಾಗವನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ. ಭಾಷೆಗಳ ಟೈಪಿಂಗ್ ನಡೆಸುವ ಐಬಸ್ ತಂತ್ರಾಂಶ ಮತ್ತು ಅದರ ಎಂ17ಎನ್ ಎಂಜಿನ್ ಮೂಲಕ ಕೆಜಿಪಿ, ಇನ್‌ಸ್ಕ್ರಿಪ್ಟ್ ಎರಡೂ ಕೀಲಿಮಣೆ ವಿನ್ಯಾಸಗಳು ನಿಕ್ಸ್‌ಓಎಸ್‌ನಲ್ಲಿ ಚೆನ್ನಾಗಿ ನಡೆಯುತ್ತವೆ. ಆದರೆ ಬೇರೆ ಲಿನಕ್ಸ್‌ನ ಅಭ್ಯಾಸದಂತೆ ಎಂ17ಎನ್ ಎಂಜಿನ್‌ನ ಪ್ಯಾಕೇಜನ್ನು ‘ಸಿಸ್ಟಮ್‌ಪ್ಯಾಕೇಜಸ್’ ಪಟ್ಟಿಗೆ ಸೇರಿಸಿದರೆ ಅದು ಯಂತ್ರದಲ್ಲಿ ಇದ್ದರೂ ಐಬಸ್‌ನ ಪಟ್ಟಿಯಲ್ಲಿ ಕನ್ನಡ ಕಾಣುವುದಿಲ್ಲ. ಅದನ್ನು ‘ಇನ್‌ಪುಟ್‌ಮೆಥಡ್’ ವಿಭಾಗದಲ್ಲಿ ಐಬಸ್‌ನ ಎಂಜಿನ್‌ಗಳ ಪಟ್ಟಿಯಲ್ಲಿಯೇ ಹೇಳಬೇಕು. ಆಗ ಮಾತ್ರ ಐಬಸ್ ಆ ಎಂಜಿನ್‌ನೊಡನೆ ಸೇರಿ ಕಟ್ಟಿಕೊಳ್ಳುತ್ತದೆ. ಮುದ್ರಕಕ್ಕೂ, ಇತರ ಹಲವು ಸೇವೆಗಳಿಗೂ ಇದೇ ನಿಯಮ: ಪ್ಯಾಕೇಜ್ ತರುವುದು ಬೇರೆ, ಅದನ್ನು ವ್ಯವಸ್ಥೆಗೆ ಜೋಡಿಸುವ ಮಾಡ್ಯೂಲ್ ಚಾಲೂ ಮಾಡುವುದು ಬೇರೆ. ಹಳೆಯ ಟಿಪ್ಪಣಿಗಳನ್ನು ನೋಡಿ ಬರೆದ ಕಾನ್ಫಿಗರೇಶನ್ ಆಗಿದ್ದರೆ ಇನ್ನೊಂದು ತೊಡಕಿದೆ. ಮೊದಲು ‘ಎನೇಬಲ್ಡ್’ ಎಂಬ ಒಂದೇ ಆಪ್ಶನ್‌ನಲ್ಲಿ ಐಬಸ್ ಎಂದು ಬರೆಯುತ್ತಿದ್ದುದನ್ನು 24.11ರ (2024ರ ನವೆಂಬರ್‌ನ) ಆವೃತ್ತಿಯಿಂದ ‘ಎನೇಬಲ್’ ಮತ್ತು ‘ಟೈಪ್’ ಎಂದು ಎರಡಾಗಿ ಬರೆಯಬೇಕು. ಅದಕ್ಕೂ ಹಿಂದೆ 23.11ರಲ್ಲಿ ಫಾಂಟ್‌ಗಳ ಪಟ್ಟಿಯ ಹೆಸರು ‘ಫಾಂಟ್ಸ್ ಡಾಟ್ ಫಾಂಟ್ಸ್’ ಇದ್ದದ್ದು ‘ಫಾಂಟ್ಸ್ ಡಾಟ್ ಪ್ಯಾಕೇಜಸ್’ ಆಯಿತು. ಎಲ್ಲವನ್ನೂ ಸರಿಯಾಗಿ ಬರೆದು ಸ್ವಿಚ್ ಆದ ಮೇಲೂ ಅಕ್ಷರ ಮೂಡದಿದ್ದರೆ ಲಾಗ್ ಔಟ್ ಮಾಡಿ ಮತ್ತೆ ಒಳಗೆ ಬರಬೇಕು, ಏಕೆಂದರೆ ಐಬಸ್‌ಗೆ ಬೇಕಾದ ಪರಿಸರ ಸೂಚನೆಗಳು ಲಾಗಿನ್ ಸಮಯದಲ್ಲಿ ಮಾತ್ರ ಓದಲ್ಪಡುತ್ತವೆ. ಕುಮಟಾದಿಂದ ಬರುವ ಫೋನ್‌ಗಳಲ್ಲಿ ಹೆಚ್ಚಿನವು ಈ ಕೊನೆಯ ಮಾತಿನಲ್ಲೇ ಬಗೆಹರಿದಿವೆ.

ಹೊರಗಿನವರು ಕೊಡುವ ತಂತ್ರಾಂಶದ ವಿಷಯದಲ್ಲಿ ಈ ವಿತರಣೆಗೆ ನಾನು ಕಡಿಮೆ ಅಂಕ ಕೊಡುತ್ತೇನೆ. ತೆರಿಗೆ ವಿವರ ಸಲ್ಲಿಸಲು ಬೇಕಾದ ಡಿಜಿಟಲ್ ಸಹಿಯ ಯುಎಸ್‌ಬಿ ಟೋಕನ್‌ಗೆ ತಯಾರಕರು ಕೊಟ್ಟ ಲಿನಕ್ಸ್ ಚಾಲಕ ಇಲ್ಲಿ ಹಾಗೆಯೇ ಓಡುವುದಿಲ್ಲ. ಬೇರೆ ವಿತರಣೆಗಳಲ್ಲಿ ಲೈಬ್ರರಿಗಳೂ ಅವುಗಳನ್ನು ಜೋಡಿಸುವ ಲೋಡರ್ ಕೂಡ ಗೊತ್ತಾದ ಜಾಗದಲ್ಲಿ ಇರುತ್ತವೆ. ಇಲ್ಲಿ ಎಲ್ಲವೂ ನಿಕ್ಸ್ ಸ್ಟೋರ್ ಒಳಗೆ, ಪ್ರತಿಯೊಂದೂ ತನ್ನದೇ ಹ್ಯಾಶ್ (ಗುರುತಿನ ಅಕ್ಷರಸಾಲು) ಹೊತ್ತ ಹೆಸರಿನಡಿ ಇರುತ್ತದೆ. ಹಿಂದೆ ಇಂಥ ತಂತ್ರಾಂಶವನ್ನು ಓಡಿಸಿದರೆ, ಕಣ್ಣೆದುರೇ ಇರುವ ಕಡತದ ಬಗ್ಗೆ ಅಂಥ ಕಡತವೇ ಇಲ್ಲ ಎಂಬ ದಿಕ್ಕು ತಪ್ಪಿಸುವ ಸಂದೇಶ ಬರುತ್ತಿತ್ತು. ಇತ್ತೀಚಿನ ಆವೃತ್ತಿಗಳು ನಿಜವಾದ ಕಾರಣವನ್ನು ಹೇಳುತ್ತವೆ ಎಂಬುದು ದೊಡ್ಡ ಸುಧಾರಣೆ. ಆ ಗೊತ್ತಾದ ಜಾಗದಲ್ಲಿ ಲೋಡರ್ ಒದಗಿಸುವ ‘ನಿಕ್ಸ್-ಎಲ್‌ಡಿ’ ಚಾಲೂ ಮಾಡಿ ಬೇಕಾದ ಲೈಬ್ರರಿಗಳ ಹೆಸರು ಕೊಟ್ಟರೆ ಬಹಳಷ್ಟು ತಂತ್ರಾಂಶಗಳು ಓಡುತ್ತವೆ. ಆದರೆ ಯಾವ ಲೈಬ್ರರಿ ಕಾಣೆಯಾಗಿದೆ ಎಂದು ‘ಎಲ್‌ಡಿಡಿ’ಯಿಂದ ಪತ್ತೆ ಮಾಡಿ ಒಂದೊಂದಾಗಿ ಸೇರಿಸುವ ಕೆಲಸವನ್ನು ಸಾಮಾನ್ಯ ಬಳಕೆದಾರರ ಮೇಲೆ ಹೊರಿಸುವಂತಿಲ್ಲ. ಇಂಥ ಟೋಕನ್ ಬಳಸುವ ಲೆಕ್ಕಿಗರ ಕಚೇರಿಗಳಿಗೆ ನಾನು ನಿಕ್ಸ್‌ಓಎಸ್ ಸೂಚಿಸುವುದಿಲ್ಲ.

ಕೆಲವು ದೋಷಗಳಿಗೆ ಸಂದೇಶವೇ ಬರುವುದಿಲ್ಲ, ಇಲ್ಲವೇ ತಡವಾಗಿ ಬರುತ್ತದೆ. ಅವನ್ನು ತಿಳಿದೇ ಇರಬೇಕು. ‘ನಿಕ್ಸ್-ಚಾನೆಲ್ ಅಪ್‌ಡೇಟ್’ ಅನ್ನು ಸುಡೊ (ನಿರ್ವಾಹಕರ ಅಧಿಕಾರ) ಇಲ್ಲದೆ ಕೊಟ್ಟರೆ ನಮ್ಮ ಖಾತೆಯ ಚಾನೆಲ್, ಅಂದರೆ ಪ್ಯಾಕೇಜುಗಳು ಬರುವ ಮೂಲ, ಹೊಸದಾಗುತ್ತದೆ, ಆದರೆ ವ್ಯವಸ್ಥೆ ನೋಡುವುದು ನಿರ್ವಾಹಕ ಖಾತೆಯಾದ ರೂಟ್‌ನ ಚಾನೆಲನ್ನು. ಎಲ್ಲ ಯಶಸ್ವಿಯಾದಂತೆ ಕಂಡರೂ ಯಂತ್ರ ಹಳೆಯ ಆವೃತ್ತಿಯಲ್ಲೇ ಇರುತ್ತದೆ. ಚಾನೆಲ್ ಬದಲು ಫ್ಲೇಕ್ ಎಂಬ ವಿಧಾನ ಬಳಸುವವರು ಹೊಸ ಕಡತವನ್ನು ಗಿಟ್‌ಗೆ (ಕಡತಗಳ ಬದಲಾವಣೆ ದಾಖಲಿಸುವ ಸಾಧನ) ಸೇರಿಸದಿದ್ದರೆ ನಿಕ್ಸ್‌ಗೆ ಅದು ಕಾಣುವುದೇ ಇಲ್ಲ. ಒಂದು ಯಂತ್ರದ ಹಾರ್ಡ್‌ವೇರ್ ಕಾನ್ಫಿಗರೇಶನ್ ಕಡತವನ್ನು ಇನ್ನೊಂದಕ್ಕೆ ನಕಲು ಮಾಡಬಾರದು. ಅದರಲ್ಲಿ ಡಿಸ್ಕ್‌ನ ಗುರುತು ಇರುವುದರಿಂದ ಎರಡನೆಯ ಯಂತ್ರ ಏಳುವುದಿಲ್ಲ. ಡಿಸ್ಕ್‌ನ ಬೂಟ್ ವಿಭಾಗ ಚಿಕ್ಕದಿದ್ದರೆ ಹಳೆಯ ಜನರೇಶನ್‌ಗಳ ಕರ್ನೆಲ್‌ಗಳು ಸೇರಿ ಅದು ತುಂಬಿಹೋಗಿ, ಕಟ್ಟುವುದೆಲ್ಲ ಮುಗಿದ ಮೇಲೆ ಕೊನೆಯ ಹಂತದಲ್ಲಿ ಜಾಗವಿಲ್ಲ ಎಂದು ನಿಲ್ಲುತ್ತದೆ. ‘ಕಾನ್ಫಿಗರೇಶನ್‌ಲಿಮಿಟ್’ ಎಂಬ ಆಪ್ಶನ್ ಮೊದಲೇ ಇಟ್ಟುಕೊಂಡರೆ ಈ ತೊಂದರೆ ಇಲ್ಲ. ‘ನಿಕ್ಸ್-ಕಲೆಕ್ಟ್-ಗಾರ್ಬೇಜ್’ನಿಂದ ಡಿಸ್ಕ್ ಖಾಲಿ ಮಾಡುವಾಗ ಎಲ್ಲ ಹಳೆಯ ಜನರೇಶನ್‌ಗಳನ್ನೂ ಅಳಿಸಿದರೆ ಹಿಂದಕ್ಕೆ ಹೋಗುವ ದಾರಿಯೂ ಅಳಿದಂತೆಯೇ. ಮೂವತ್ತು ದಿನಕ್ಕಿಂತ ಹಳೆಯವನ್ನು ಮಾತ್ರ ತೆಗೆಯುವಂತೆ ಹೇಳುವುದು ಸಾಕು.

ದೋಷ ಯಾವಾಗ ಹೊಕ್ಕಿತು ಎಂದು ಕಂಡುಹಿಡಿಯುವ ವಿಷಯದಲ್ಲಿ ಮಾತ್ರ ಇದಕ್ಕೆ ಸಾಟಿಯಾದ ಇನ್ನೊಂದು ವ್ಯವಸ್ಥೆಯನ್ನು ನಾನು ಬಳಸಿಲ್ಲ. ಮೊನ್ನೆ ಸರಿಯಿತ್ತು, ಇಂದು ಮುದ್ರಣ ಬರುತ್ತಿಲ್ಲ ಎಂದರೆ ಎರಡು ಜನರೇಶನ್‌ಗಳನ್ನು ‘ನಿಕ್ಸ್ ಸ್ಟೋರ್ ಡಿಫ್-ಕ್ಲೋಶರ್ಸ್’ ಎಂಬ ಆಜ್ಞೆಗೆ ಕೊಡಬಹುದು. ಯಾವ ಪ್ಯಾಕೇಜ್ ಯಾವ ಆವೃತ್ತಿಯಿಂದ ಯಾವುದಕ್ಕೆ ಹೋಯಿತು, ಯಾವುದು ಹೊಸದಾಗಿ ಸೇರಿತು, ಯಾವುದು ಹೊರಬಿತ್ತು ಎಂಬ ಪಟ್ಟಿ ಬರುತ್ತದೆ. ಅದರಲ್ಲಿ ಮುದ್ರಣ ನಡೆಸುವ ಕಪ್ಸ್‌ನ ಆವೃತ್ತಿ ಬದಲಾಗಿದ್ದರೆ ಅಲ್ಲಿಂದ ಹುಡುಕಾಟ ಶುರು ಮಾಡಬಹುದು. ಅಷ್ಟು ಹೊತ್ತೂ ಕಚೇರಿಯ ಕೆಲಸ ನಿಲ್ಲಬೇಕಾಗಿಲ್ಲ. ಹಳೆಯ ಜನರೇಶನ್‌ಗೆ ಹೋಗಿ ಮುದ್ರಣ ಮುಗಿಸಿ, ಸಂಜೆ ಸಮಾಧಾನದಿಂದ ಕಾರಣ ನೋಡಬಹುದು. ಗ್ರಾಹಕರು ಆಮಂತ್ರಣ ಪತ್ರಿಕೆಗಾಗಿ ಬಾಗಿಲಲ್ಲಿ ನಿಂತಿರುವಾಗ ಈ ಒಂದು ಸೌಲಭ್ಯದ ಬೆಲೆ ತಿಳಿಯುತ್ತದೆ.

ಕೊಳ್ಳುವ ಬೆಲೆ ಏನೂ ಇಲ್ಲ, ಆದರೆ ಇಂಟರ್ನೆಟ್ ಖರ್ಚಿದೆ. ಒಂದು ಮೂಲ ಲೈಬ್ರರಿ ಬದಲಾದರೂ ಅದನ್ನು ಅವಲಂಬಿಸಿದ ಎಲ್ಲವೂ ಹೊಸ ಹ್ಯಾಶ್ ಪಡೆಯುವುದರಿಂದ ಅಪ್‌ಡೇಟ್‌ಗಳು ಗಿಗಾಬೈಟ್‌ಗಳಲ್ಲಿ ಬರುತ್ತವೆ, ನಮ್ಮ ಕಡೆಯ ಮೊಬೈಲ್ ಡೇಟಾಕ್ಕೆ ಅದು ಭಾರ. ಫೈಬರ್ ಇರುವ ಒಂದು ಯಂತ್ರದಲ್ಲಿ ಇಳಿಸಿ, ‘ನಿಕ್ಸ್-ಕಾಪಿ-ಕ್ಲೋಶರ್’ ಮೂಲಕ ಕಚೇರಿಯ ಒಳಗಿನ ಉಳಿದ ಯಂತ್ರಗಳಿಗೆ ದಾಟಿಸಿದರೆ ಈ ಹೊರೆ ಬಹಳ ಮಟ್ಟಿಗೆ ಇಳಿಯುತ್ತದೆ. ವರ್ಷಕ್ಕೆ ಎರಡು ಆವೃತ್ತಿಗಳು, ಮೇ ತಿಂಗಳಲ್ಲೊಂದು, ನವೆಂಬರ್‌ನಲ್ಲೊಂದು ಬರುತ್ತವೆ. ಪ್ರತಿಯೊಂದಕ್ಕೂ ಭದ್ರತಾ ತಿದ್ದುಪಡಿಗಳು ದೊರೆಯುವುದು ಸುಮಾರು ಏಳು ತಿಂಗಳು ಮಾತ್ರ. ನವೆಂಬರ್‌ನ ಆವೃತ್ತಿಯ ಅವಧಿ ಜೂನ್ ಕೊನೆಗೆ ಮುಗಿಯುವುದರಿಂದ, ಹೊಸದಕ್ಕೆ ದಾಟಲು ಸಿಗುವ ತಿಂಗಳು ನಮ್ಮಲ್ಲಿ ಮಳೆ ಹಿಡಿದು ಲೈನುಗಳು ಕೈಕೊಡುವ ತಿಂಗಳೇ ಆಗಿದೆ. ಉತ್ತರ ಕನ್ನಡದಲ್ಲಿ ಇದನ್ನು ಬಳಸುವವರು ಮೇ ಆವೃತ್ತಿ ಬಿಡುಗಡೆಯಾದ ಕೂಡಲೇ, ಘಟ್ಟದಲ್ಲಿ ಮಳೆ ಜೋರಾಗುವ ಮೊದಲೇ, ಅದನ್ನು ಪೂರ್ತಿ ಇಳಿಸಿಕೊಂಡು ‘ಸ್ವಿಚ್’ ಬದಲು, ಮುಂದಿನ ರೀಸ್ಟಾರ್ಟ್‌ನಲ್ಲಿ ಜಾರಿಗೆ ಬರುವ ‘ಬೂಟ್’ ಎಂದು ಕೊಟ್ಟು ಕಟ್ಟಿಟ್ಟುಕೊಳ್ಳುವುದು ಒಳ್ಳೆಯದು. ಹಳೆಯ ಹೆಸರಿನ ಆಪ್ಶನ್‌ಗಳ ಬಗ್ಗೆ ಬರುವ ಎಚ್ಚರಿಕೆಗಳನ್ನು ಆಗಲೇ ಓದಿ ತಿದ್ದಿಕೊಂಡಿದ್ದರೆ, ರೀಸ್ಟಾರ್ಟ್ ಯಾವ ದಿನ ಮಾಡಿದರೂ ಆದೀತು.