ಪ್ಯಾಡ್, ಬಟ್ಟೆ, ಕಪ್, ಇಲ್ಲಾ ಏನೂ ಇಲ್ಲ

ಮುಟ್ಟಿನ ದಿನಗಳಲ್ಲಿ ಏನೂ ಬಳಸದೆ ಇರಲಿಕ್ಕಾಗುತ್ತದೆಯೇ? ಆಗುತ್ತದೆ. ಎಲ್ಲರಿಗೂ ಅಲ್ಲ, ಎಲ್ಲ ದಿನವೂ ಅಲ್ಲ. ಕಾರವಾರದ ಬಾಡಿಗೆ ಮನೆಯಲ್ಲಿ ಬೇಸಿಗೆ, ಮಳೆಗಾಲ ಎರಡರಲ್ಲೂ ನಾಲ್ಕು ಬಗೆಯನ್ನು ಬಳಸಿ ನೋಡಿದವಳು ನಾನು. ಬಚ್ಚಲು ಎಷ್ಟು ದೂರ, ಒಗೆದದ್ದು ಎಷ್ಟು ಹೊತ್ತಿಗೆ ಒಣಗುತ್ತದೆ, ಈ ಎರಡರ ಮೇಲೇ ಎಲ್ಲ ನಿಂತಿದೆ ಎಂದು ನನಗನ್ನಿಸಿದೆ.

ಏನೂ ಬಳಸದಿರುವುದಕ್ಕೆ ‘ಫ್ರೀ ಬ್ಲೀಡಿಂಗ್’ ಅನ್ನುತ್ತಾರೆ. 2015ರಲ್ಲಿ ಕಿರಣ್ ಗಾಂಧಿ ಎಂಬ ಯುವತಿ ಲಂಡನ್ ಮ್ಯಾರಥಾನ್‌ನ 42 ಕಿ.ಮೀ.ಯನ್ನು ಹಾಗೇ ಓಡಿ ಮುಗಿಸಿದಾಗ ಈ ಮಾತು ದೊಡ್ಡ ಸುದ್ದಿಯಾಯಿತು. ಮುಟ್ಟಿನ ಬಗೆಗಿನ ನಾಚಿಕೆ ಹೋಗಲಿ ಎಂಬುದು ಅವರ ಉದ್ದೇಶ. ನನಗೆ ಅಂಥ ದೊಡ್ಡ ಉದ್ದೇಶವೇನೂ ಇರಲಿಲ್ಲ. ಮೇ ತಿಂಗಳ ಕಾರವಾರದ ಸೆಕೆಯಲ್ಲಿ ಪ್ಯಾಡ್ ಕಟ್ಟಿಕೊಂಡು ತೊಡೆಸಂದಿ ಕೆಂಪಾಗಿ ಉರಿಯುತ್ತಿತ್ತು, ಅಷ್ಟೇ.

ಪ್ಯಾಡಿನ ಕಥೆ ಎಲ್ಲರಿಗೂ ಗೊತ್ತಿದ್ದದ್ದೇ. ಸಿಗುವುದು ಸುಲಭ, ಬಳಸಲು ಯಾರೂ ಕಲಿಸಬೇಕಿಲ್ಲ. 2018ರಲ್ಲಿ ಅದರ ಮೇಲಿನ ಜಿಎಸ್‌ಟಿ ತೆಗೆದರು, ಜನೌಷಧಿ ಅಂಗಡಿಗಳಲ್ಲಿ 2019ರಿಂದ ಒಂದು ರೂಪಾಯಿಗೆ ಒಂದು ಅಂತ ಸಿಗತೊಡಗಿತು. ತಾಪತ್ರಯ ಶುರುವಾಗುವುದು ಬಳಸಿ ಮುಗಿದ ಮೇಲೆ. ಊರಮನೆಯಲ್ಲಿ ತೆಂಗಿನ ಬುಡದಲ್ಲಿ ಹೂತರೆ ನಾಯಿ ಕೆದಕಿ ಅಂಗಳಕ್ಕೆ ತಂದು ಹಾಕುತ್ತದೆ. ಸುಟ್ಟರೆ ಪ್ಲಾಸ್ಟಿಕ್ಕಿನ ಹೊಗೆ. ಸಂಡಾಸಿಗೆ ಹಾಕಿದರಂತೂ ಒಳಗಿನ ಜೆಲ್ ನೀರು ಕುಡಿದು ಉಬ್ಬಿ, ಪೈಪು ಕಟ್ಟಿ, ಮನೆ ಮಾಲೀಕರ ಬೈಗುಳ ಬೇರೆ.

ಬಟ್ಟೆ ನಮ್ಮ ಆಯಿಯ ಕಾಲದ್ದು. ಹಳೇ ನೂಲಿನ ಸೀರೆಯ ತುಂಡಿನಷ್ಟು ಮೆತ್ತಗಿನದು ಬೇರೆ ಯಾವುದೂ ಇಲ್ಲ, ಉರಿಯೂ ಇಲ್ಲ. ಏಪ್ರಿಲ್‌ನಲ್ಲಿ ಒಗೆದು ಬಿಸಿಲಿಗೆ ಹರಗಿದರೆ ಮಧ್ಯಾಹ್ನದೊಳಗೆ ಗರಿಗರಿ. ಜೂನ್ ಬರಲಿ, ಆಗ ನೋಡಿ. ವರ್ಷಕ್ಕೆ 3000 ಮಿ.ಮೀ. ಆಸುಪಾಸು ಮಳೆ ಸುರಿಯುವ ಕರಾವಳಿಯಲ್ಲಿ ಒಳ ಉಡುಪೇ ಒಣಗುವುದಿಲ್ಲ. ಶಿರಸಿ ಕಡೆಯ ತವರಿನಲ್ಲಿ ಬಚ್ಚಲೊಲೆಯ ಮೇಲೆ ಹಗ್ಗ ಕಟ್ಟಿ ಹೊಗೆಯಲ್ಲಿ ಒಣಗಿಸುತ್ತಾರೆ. ಗೀಸರಿನ ಮನೆಯಲ್ಲಿ ಅದೂ ಇಲ್ಲ. ಅರೆ ಒಣಗಿದ ಬಟ್ಟೆ ಕಟ್ಟಿಕೊಂಡರೆ ಸೋಂಕಿಗೆ ನಾವೇ ಬಾಗಿಲು ತೆರೆದಂತೆ, ಹಾಗಾಗಿ ಮಳೆಗಾಲಕ್ಕೆ ಬಟ್ಟೆ ಬೇಡವೇ ಬೇಡ.

ಕಪ್ ಅಂದರೆ ಯೋನಿಯೊಳಗೆ ಇಟ್ಟುಕೊಂಡು ರಕ್ತ ಹಿಡಿಯುವ ಮೆತ್ತಗಿನ ಪುಟ್ಟ ಬಟ್ಟಲು. ಕಲಿಯುವವರೆಗೆ ಕಷ್ಟ, ಕಲಿತ ಮೇಲೆ ಆರಾಮ. ಮಡಚಿ ಒಳಗೆ ಹಾಕಿದ ಮೇಲೆ ಅದು ಬಿಚ್ಚಿಕೊಂಡಿತೋ ಇಲ್ಲವೋ ಬೆರಳಲ್ಲಿ ನೋಡಲು ಸಂಕೋಚ ಬಿಡಬೇಕು. ಸಾಮಾನ್ಯ ಅಳತೆಯದು 20ರಿಂದ 30 ಮಿ.ಲೀ. ಹಿಡಿಯುತ್ತದೆ, ಹೆಚ್ಚೆಂದರೆ 12 ತಾಸು ಇಟ್ಟುಕೊಳ್ಳಬಹುದು. ನನಗೆ ಹಿಡಿಸಿದ್ದು ಅದರೊಳಗಿನ ಅಳತೆ ಗೆರೆ. ಒಂದು ಮುಟ್ಟಿಗೆ ಸಾಧಾರಣ 30–40 ಮಿ.ಲೀ. ರಕ್ತ ಹೋಗುತ್ತದೆ, 80 ದಾಟಿದರೆ ಅದು ಹೆಚ್ಚಿನ ಸ್ರಾವ. ಬಿಂದಿಗೆಗಟ್ಟಲೆ ಹೋಗುತ್ತಿದೆ ಅಂದುಕೊಂಡಿದ್ದವಳಿಗೆ ಕಣ್ಣಿಗೆ ಕಂಡದ್ದು ಎರಡು-ಮೂರು ದೊಡ್ಡ ಚಮಚ. ಕಪ್ ಕುದಿಸಿ ಶುಚಿ ಮಾಡಲು ಬೇರೆ ಪಾತ್ರೆ ಇಟ್ಟುಕೊಳ್ಳಿ. ಅತ್ತೆ ಜೊತೆಗಿದ್ದರೆ ಅಡುಗೆಮನೆಯಲ್ಲಿ ಅದು ಬೇರೆಯೇ ಚರ್ಚೆ.

ಇನ್ನು ಏನೂ ಇಲ್ಲದ ಬಗೆ. ಮೂತ್ರದಂತೆ ಇದನ್ನು ತಡೆದು ಹಿಡಿಯಲಿಕ್ಕೆ ಆಗುವುದಿಲ್ಲ, ಆ ಜಾಗಕ್ಕೆ ಅಂಥ ಬಿಗಿ ಇಲ್ಲ. ಆದರೆ ರಕ್ತ ನಲ್ಲಿ ನೀರಿನ ಹಾಗೆ ಒಂದೇ ಸಮ ಸುರಿಯುವುದೂ ಇಲ್ಲ. ಮಲಗಿದ್ದಾಗ ಒಳಗೆ ನಿಂತು, ಎದ್ದ ತಕ್ಷಣ ಇಳಿಯುತ್ತದೆ. ಕೆಮ್ಮಿದಾಗ, ತರಕಾರಿ ಹೆಚ್ಚುವ ಮೆಟ್ಟುಗತ್ತಿಯ ಮೇಲಿಂದ ಏಳುವಾಗ ಗೊತ್ತಾಗುತ್ತದೆ. ಆ ಲಯ ಸಿಕ್ಕ ಮೇಲೆ ಕೆಲಸ ಅರ್ಧ ಹಗುರ. ಎದ್ದ ಕೂಡಲೇ ಬಚ್ಚಲು, ಎರಡನೇ ದಿನ ತಾಸಿಗೊಮ್ಮೆ ಬಚ್ಚಲು. ಕುಕ್ಕರಗಾಲಲ್ಲಿ ಕೂರುವ ನಮ್ಮ ಹಳೇ ಸಂಡಾಸು ಇದಕ್ಕೆ ಕಮೋಡಿಗಿಂತ ಎಷ್ಟೋ ವಾಸಿ, ಕೂತರೆ ಇದ್ದಷ್ಟೂ ಇಳಿಯುತ್ತದೆ. ಮನೆಯಲ್ಲಿ ಕಪ್ಪು ಹತ್ತಿ ನೈಟಿ, ಹಾಸಿಗೆಗೆ ಹಳೇ ಟವೆಲ್. ‘ಟವೆಲ್ ಹಾಸಿದರೆ ಅದೂ ಬಟ್ಟೆಯೇ ಆಯ್ತಲ್ಲೇ’ ಎಂದು ಗೆಳತಿ ನಗುತ್ತಾಳೆ. ನಗಲಿ. ಕಲೆಯನ್ನು ತಣ್ಣೀರಲ್ಲೇ ಒಗೆಯಬೇಕು, ಬಿಸಿನೀರು ಬಿದ್ದರೆ ಕಲೆ ಅಲ್ಲೇ ಕೂರುತ್ತದೆ.

ಉರಿ ಹೋಯಿತು, ರಾತ್ರಿ ನಿದ್ದೆ ಬಂತು. ಹೊಟ್ಟೆನೋವು ಕಡಿಮೆಯಾಗುತ್ತದೆ ಎನ್ನುವವರಿದ್ದಾರೆ, ನನಗೇನೂ ಆಗಲಿಲ್ಲ. ಪ್ರೊಸ್ಟಗ್ಲಾಂಡಿನ್ ಎಂಬ ರಾಸಾಯನಿಕ ಗರ್ಭಕೋಶವನ್ನು ಹಿಂಡಿದಾಗ ನೋವು ಬರುತ್ತದೆ. ಕೆಳಗೆ ಏನು ಕಟ್ಟಿದ್ದೀರಿ ಎಂದು ಅದು ಕೇಳುವುದಿಲ್ಲ.

ಆಯಿಗೆ ಫೋನಿನಲ್ಲಿ ಹೇಳಿದಾಗ, ‘ನಿಂಗೆ ಮಳ್ಳನೇ ಕೂಸೇ?’ ಅಂದಳು. ಹೊರಗೆ ಕೂರುತ್ತಿದ್ದ ಕಾಲದಲ್ಲಿ ತನ್ನ ಚಾಪೆ, ತನ್ನ ಕಂಬಳಿ ತಾನೇ ತೊಳೆದವಳು ಆಕೆ. ಬೇಡವೆನ್ನುವ ಸೌಕರ್ಯ ಮೊದಲು ಕೈಗೆ ಸಿಕ್ಕಿದ್ದವರಿಗೆ ಮಾತ್ರ ಇದು ಆಯ್ಕೆ. ಸ್ವಂತ ಬಚ್ಚಲು, ಧಾರಾಳ ನೀರು, ಮನೆಯಿಂದಲೇ ಮಾಡುವ ಕೆಲಸ ನನಗಿದೆ. ಮೀನು ಮಾರುಕಟ್ಟೆಯಲ್ಲಿ ದಿನವಿಡೀ ಕೂರುವ ಹೆಂಗಸಿಗೆ ಹೋಗಿ ಇದನ್ನು ಬೋಧಿಸಿದರೆ ಬುಟ್ಟಿಯಲ್ಲೇ ಹೊಡೆದಾಳು, ಹೊಡೆಯಲೂ ಬೇಕು. ಬಸ್ಸಿನ ಸೀಟು, ಆಫೀಸಿನ ಕುರ್ಚಿಗೆ ರಕ್ತ ತಾಗಿಸುವುದನ್ನು ನಾನು ಒಪ್ಪುವುದಿಲ್ಲ. ನಾಚಿಕೆಯ ಮಾತು ಬಿಡಿ, ಹೆಪಟೈಟಿಸ್ ಬಿ ಯಂಥ ಸೋಂಕುಗಳು ರಕ್ತದಿಂದಲೂ ಹರಡುತ್ತವೆ.

ಈಗ ಮೊದಲೆರಡು ದಿನ ಕಪ್. ಮೂರನೆಯ ದಿನದಿಂದ ಮನೆಯಲ್ಲಿದ್ದರೆ ಏನೂ ಇಲ್ಲ. ಕುಮಟಾ, ದೇವಿಮನೆ ಘಟ್ಟದ ಮೇಲೆ ಶಿರಸಿಗೆ ಹೋಗುವ ದಿನ ಕಪ್‌ನ ಜೊತೆಗೆ ಒಂದು ಪ್ಯಾಡೂ ಇರಲಿ. ಕೆಲವು ತಾಸು ಬಿಡದೆ ತಾಸಿಗೊಂದು ಪ್ಯಾಡ್ ತೋಯುತ್ತಿದ್ದರೆ ಈ ಹೋಲಿಕೆಯನ್ನು ಪಕ್ಕಕ್ಕಿಟ್ಟು ಡಾಕ್ಟರ ಬಳಿ ಹೋಗಿ. ಗರ್ಭ ನಿಲ್ಲದಿರಲೆಂದು ಗರ್ಭಕೋಶದೊಳಗೆ ಕಾಪರ್-ಟಿ ಹಾಕಿಸಿಕೊಂಡವರು ಕಪ್ ಕೊಳ್ಳುವ ಮೊದಲೇ ಡಾಕ್ಟರನ್ನು ಕೇಳಿಕೊಳ್ಳಿ. ಕಪ್ ಎಳೆಯುವಾಗ ಅದೂ ಜೊತೆಗೆ ಜಾರಿ ಬರುವುದುಂಟು.