‘ಲೈವ್ ಕ್ಲಾಸ್’ ಅಂದ ತಕ್ಷಣ ಫೀಸು ಕಟ್ಟಬೇಡಿ

‘ಲೈವ್ ಕ್ಲಾಸ್, ಡೌಟ್ ಬಂದರೆ ಅಲ್ಲೇ ಕೇಳಬಹುದು’ ಎಂಬ ಮಾತು ನಂಬಿ ಮೂರು ತಿಂಗಳ ಗಣಿತದ ಕೋರ್ಸ್‌ಗೆ ಪೂರ್ತಿ ಫೀಸು ಒಟ್ಟಿಗೆ ಕಟ್ಟಿದೆ. ಯಾರ ಕೋರ್ಸ್ ಅನ್ನೋದು ಬೇಡ ಬಿಡಿ.

ಮೊದಲ ದಿನ ಮೇಷ್ಟ್ರು ‘ಇಲ್ಲೀತನಕ ಅರ್ಥ ಆಯ್ತಾ?’ ಎಂದರು. ನಾನು ಚಾಟ್‌ನಲ್ಲಿ ‘ಇಲ್ಲ’ ಎಂದು ಬರೆದೆ. ಅವರು ಆಗಲೇ ಮುಂದಿನ ಲೆಕ್ಕಕ್ಕೆ ಹೋಗಿದ್ದರು. ಸ್ವಲ್ಪ ಹೊತ್ತಿಗೆ ‘ಇದಕ್ಕೆ ಉತ್ತರ ಇದೆಯಾ? ಇಲ್ಲ! ಸರಿಯಾಗಿ ಹೇಳಿದಿರಿ’ ಎಂದು ನನ್ನ ಹೆಸರು ಹಿಡಿದು ಹೊಗಳಿದರು. ನಗಬೇಕೋ ಅಳಬೇಕೋ ತಿಳಿಯಲಿಲ್ಲ.

ನಮ್ಮ ನೆಟ್ಟೇ ನಿಧಾನ ಇರಬೇಕು ಎಂದುಕೊಂಡು ಜಾಸ್ತಿ ವೇಗದ ಪ್ಲಾನ್ ಹಾಕಿಸಿದೆ. ಅದೂ ದಂಡ. ಕೊನೆಗೆ ಒಂದು ದಿನ ಮೇಷ್ಟ್ರ ಸ್ಕ್ರೀನಿನ ಮೂಲೆಯಲ್ಲಿದ್ದ ಗಡಿಯಾರ ಕಣ್ಣಿಗೆ ಬಿತ್ತು. ನನ್ನ ಮೊಬೈಲಿನಲ್ಲಿ ನಿಮಿಷ ಬದಲಾದ ಮೇಲೆ, ಅಲ್ಲಿ ಬದಲಾಗಲು 24 ಸೆಕೆಂಡು ಬೇಕಾಯಿತು!

ಅದು ವಿಡಿಯೋ ಕಾನ್ಫರೆನ್ಸೇ ಅಲ್ಲ, ಸ್ಟ್ರೀಮಿಂಗ್. ಸ್ಟ್ರೀಮಿಂಗ್‌ನಲ್ಲಿ ವಿಡಿಯೋವನ್ನು ತುಂಡು ತುಂಡು ಮಾಡಿ ಕಳಿಸುತ್ತಾರೆ. ಹೀಗೆ ಕಳಿಸುವ ಎಚ್‌ಎಲ್‌ಎಸ್ ಎಂಬ ಪದ್ಧತಿಯಲ್ಲಿ ಒಂದೊಂದು ತುಂಡು ಸಾಮಾನ್ಯವಾಗಿ 6 ಸೆಕೆಂಡಿನದು. ನೋಡುವವರ ಪ್ಲೇಯರ್ ಮೂರು ತುಂಡಿನಷ್ಟು ಹಿಂದಿನಿಂದ ಶುರು ಮಾಡಿದರೆ ಅಲ್ಲಿಗೇ 18 ಸೆಕೆಂಡು ಹೋಯಿತು. ನೆಟ್ ಎಷ್ಟು ಜೋರಾಗಿದ್ದರೂ ಈ ತಡ ಹೋಗುವುದಿಲ್ಲ. ಕಾನ್ಫರೆನ್ಸ್‌ನಲ್ಲಿ ಹೀಗೆ ಕೂಡಿಟ್ಟು ಕಳಿಸುವುದಿಲ್ಲ, ಮಾತು ಆಡಿದ ಹಾಗೇ ಹೋಗುತ್ತಿರುತ್ತದೆ. ಸರಾಗವಾದ ಮಾತುಕತೆಗೆ ಒಬ್ಬರ ಮಾತು ಇನ್ನೊಬ್ಬರಿಗೆ ಮುಟ್ಟುವ ತಡ 150 ಮಿಲಿಸೆಕೆಂಡು ದಾಟದಿದ್ದರೆ ಒಳ್ಳೆಯದು ಎಂಬುದು ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟದ ಸಲಹೆ. ಇಲ್ಲಿ 24 ಸೆಕೆಂಡು!

ಸ್ಟ್ರೀಮಿಂಗ್ ಕೆಟ್ಟದ್ದು ಎನ್ನುತ್ತಿಲ್ಲ. ಸಾವಿರಾರು ಜನ ಸುಮ್ನೆ ಕೂತು ಕೇಳುವ ಉಪನ್ಯಾಸಕ್ಕೆ ಅದೇ ಸರಿ. ಆದರೆ ಪ್ರಶ್ನೆ ಕೇಳಿ ಕಲಿಯಬೇಕಾದ ಪಾಠಕ್ಕೆ ಆಗಲ್ಲ ಅಲ್ವಾ?

ಫೀಸು ವಾಪಸ್ ಕೇಳಿದೆ. ‘ಕ್ಲಾಸ್ ಲೈವ್ ಆಗಿಯೇ ನಡೀತಿದೆಯಲ್ಲ’ ಎಂದರು. ಆ ಮಾತು ಸುಳ್ಳಲ್ಲ, ಅದೇ ಹೊಟ್ಟೆ ಉರಿ.

ದುಡ್ಡು ಕಟ್ಟುವ ಮೊದಲು ಒಂದೇ ಪ್ರಶ್ನೆ ಕೇಳಿ: ‘ಕ್ಲಾಸಿನಲ್ಲಿ ನಾನು ಮೈಕ್ ಆನ್ ಮಾಡಿ ಮಾತಾಡಬಹುದಾ?’ ‘ಚಾಟ್ ಇದೆಯಲ್ಲ’ ಎಂದು ಜಾರಿಕೊಂಡರೆ ಅನುಮಾನಪಡಿ. ಒಂದು ಡೆಮೋ ಕ್ಲಾಸ್ ಕೇಳಿ, ಮೇಷ್ಟ್ರು ‘ಕೇಳಿಸ್ತಿದೆಯಾ’ ಎಂದಾಗ ಉತ್ತರ ಕೊಟ್ಟು, ಅದು ಅವರಿಗೆ ಮುಟ್ಟಲು ಎಷ್ಟು ಹೊತ್ತಾಗುತ್ತದೆ ನೋಡಿ.

ನಾನಂತೂ ಈಗ ಲೈವ್‌ಗೆ ಕೂರುವುದನ್ನೇ ಬಿಟ್ಟು ರೆಕಾರ್ಡಿಂಗ್ ನೋಡುತ್ತಿದ್ದೇನೆ. ಅರ್ಥವಾಗದ ಕಡೆ ಹಿಂದಕ್ಕಾದರೂ ಓಡಿಸಬಹುದು.